ಒಂಬತ್ತನೇ ಬೋರಿನ ಹದಿನೇಳನೇ ಪೆಟ್ಟಿಗೆ

ಫೆಬ್ರವರಿ ೪

ಶ್ರೀಮದ್ ಭೂಗರ್ಭ ಸಾಮ್ರಾಜ್ಯ ಧುರಂಧರ, ಸುತ್ತಿಗೆಪಾಣಿ, ಪದರಗಲ್ಲು ಪಂಡಿತ, ಬೆಣಚುಕಲ್ಲು ಭಯಂಕರ, ಪಿಂಚಣಿ ಪೀಠಾಧೀಶ್ವರ, ಒಡಹುಟ್ಟಿದ ಅಕ್ಕನೊಬ್ಬಳ ಕೈಯಲ್ಲಿ ಮಾತ್ರ ಬೈಸಿಕೊಳ್ಳುವ ಏಕಾಂಗವೀರ, ನನ್ನ ಸೋದರಮಾವನವರ ನಡು ಜೋತುಬಿದ್ದ ಆರಾಮಕುರ್ಚಿಯ ದಿವ್ಯ ಸನ್ನಿಧಾನಕ್ಕೆ, ಸದರಿ ಅಕ್ಕನ ಏಕಮಾತ್ರ ಪುತ್ರಿಯೂ ಸದ್ಯಕ್ಕೆ ಸಮಸ್ತ ಧೂಳಿನ ಒಡತಿಯೂ ಆದ ನಾನು ಅಡ್ಡಬಿದ್ದು ಮಾಡಿಕೊಳ್ಳುವ ಬಿನ್ನಹ ಏನೆಂದರೆ:

ನಾನು ಕ್ಷೇಮ. ಕೆಲಸ ಸಿಕ್ಕಿತು. ಎಲ್ಲಿ ಅಂತ ಅಮ್ಮ ಹೇಳಿರುತ್ತಾಳೆ. ನೀವು ಮೂವತ್ತನಾಲ್ಕು ವರ್ಷದ ಹಿಂದೆ ಮುಚ್ಚಿಸಿ ಬಂದ ಅದೇ ತಾಮ್ರದ ಗಣಿ. "ಮುಚ್ಚಿಸಿ ಬಂದ" ಅನ್ನೋದು ಅಮ್ಮನ ಮಾತು, ನನ್ನದಲ್ಲ.

ನನ್ನ ಅರಮನೆ ಅಂದರೆ ಕೋರ್ ಶೆಡ್ಡು. ನಿಮ್ಮ ಕಾಲದಲ್ಲಿ ಡ್ರಿಲ್ಲು ನೆಲ ಕೊರೆದು ತೆಗೆದ ಕಲ್ಲಿನ ಕೋಲುಗಳೆಲ್ಲ ತಗಡಿನ ಮಾಡಿನ ಕೆಳಗೆ ಮರದ ಪೆಟ್ಟಿಗೆಗಳಲ್ಲಿ ಮಲಗಿವೆ. ನಾನೂರು ಪೆಟ್ಟಿಗೆ. ಒಂದೊಂದನ್ನೂ ಇಳಿಸಿ, ಧೂಳು ಒರೆಸಿ, ನೀವು ಅಂದು ಬರೆದ ಪುಟದ ಜೊತೆ ತಾಳೆ ನೋಡಿ ಪಟ್ಟಿ ಮಾಡಬೇಕು. ಮೇಲಧಿಕಾರಿ ಒಬ್ಬರು ಮೇಡಂ. ಪ್ರತಿ ಮಾತಿಗೂ ರುಜು ಹಾಕಬೇಕೇನೋ ಅನ್ನುವಷ್ಟು ಎಚ್ಚರಿಕೆಯಿಂದ ಮಾತಾಡುತ್ತಾರೆ. ಇನ್ನೊಬ್ಬರು ನಿಮ್ಮ ಕಾಲದ ಡ್ರಿಲ್ ಮೇಸ್ತ್ರಿ. ಈಗ ಶೆಡ್ಡಿನ ಕಾವಲುಗಾರ. ಬೀಗದ ಕೈ ಸೊಂಟಕ್ಕೆ ಕಟ್ಟಿಕೊಂಡಿರುತ್ತಾರೆ, ಸ್ನಾನಕ್ಕೂ ಬಿಚ್ಚುವುದಿಲ್ಲವಂತೆ.

ಮಾರ್ಚ್ ಮೂವತ್ತೊಂದಕ್ಕೆ ಗಣಿಬಾವಿಗೆ ಕಾಂಕ್ರೀಟ್ ತುಂಬಿಸುತ್ತಾರೆ. ಒಮ್ಮೆ ತುಂಬಿದರೆ ಕಥೆ ಮುಗೀತು, ಮತ್ತೆ ಯಾರೂ ಇಳಿಯೋ ಹಾಗಿಲ್ಲ. ಅದನ್ನು ತಡೆಯಬಹುದಾದದ್ದು ಒಂದೇ, ಒಂಬತ್ತನೇ ಬೋರು.

ನಿಮಗೇ ಗೊತ್ತಿರೋ ಸ್ಥಳಪುರಾಣವನ್ನ ನಿಮಗೇ ಒಪ್ಪಿಸ್ತೀನಿ, ಸರಿಯಾ ಹೇಳಿ. ಆದಿಯಲ್ಲಿ ಬಿಸಿನೀರಿತ್ತು. ಅದು ಕಪ್ಪು ಪದರಗಲ್ಲಿನ ಬಿರುಕಲ್ಲಿ ಏರಿ ಬಂದು, ಬೆಣಚುಕಲ್ಲನ್ನೂ ತಾಮ್ರದ ಅದಿರನ್ನೂ ಒಂದು ಎಳೆಯಾಗಿ ಬಿಟ್ಟು ಹೋಯಿತು. ಎಳೆ ಅಂದರೆ ಕೆಲವು ಕಡೆ ಗೇಣಗಲ, ಕೆಲವು ಕಡೆ ಮೊಳ. ಆಮೇಲೆ ಭೂಮಿ ಸುಮ್ಮನಿರಲಾಗದೆ ಒಮ್ಮೆ ಮೈಮುರಿಯಿತು. ಎಳೆ ನಡುವೆ ತುಂಡಾಗಿ ಅರ್ಧ ಇಲ್ಲೇ ಉಳಿಯಿತು, ಇನ್ನರ್ಧ ಎಲ್ಲೋ ಜಾರಿತು. ಹೆಸರಿಲ್ಲದ ಹಳಬರು ಮೇಲಿನ ಹಸಿರು ಕಲೆ ನೋಡಿ ಗುಂಡಿ ತೋಡಿದರು. ಆಮೇಲೆ ರಾಟೆ ಬಕೆಟ್ಟಿನ ಕಂಪನಿ ಬಂತು, ಆಮೇಲೆ ನಿಮ್ಮ ಕಂಪನಿ. ಇಲ್ಲಿನ ಅರ್ಧ ಮುಗಿಯಿತು. ಕಳೆದುಹೋದ ಅರ್ಧವನ್ನು ಹುಡುಕಲು ಕೊರೆದದ್ದೇ ಒಂಬತ್ತನೇ ಬೋರು. ಕೊನೆಯ ಪೆಟ್ಟಿಗೆ, ಹದಿನೇಳನೆಯದು, ಎಂಬತ್ತಾರರಿಂದ ತೊಂಬತ್ತೊಂದು ಮೀಟರ್. ನಿಮ್ಮ ಪುಟದಲ್ಲಿ ಅದಕ್ಕೆ ಒಂದೇ ಪದ: ಬಂಜರು. ಅಂದರೆ ಅದಿರಿಲ್ಲ.

ಈಗ ಸುಮ್ಮನೆ, ಬರೀ ಕುತೂಹಲಕ್ಕೆ ಒಂದು ಪ್ರಶ್ನೆ. ಆ ಪೆಟ್ಟಿಗೆಯಲ್ಲಿ ಯಾವ ಕಲ್ಲು ಯಾವುದರ ಪಕ್ಕ ಇತ್ತು ಅಂತ ನಿಮಗೆ ನೆನಪಿದೆಯಾ? ವಿವರವಾಗಿ ಬರೆಯಿರಿ. ಫೋನು ಬೇಡ. ಇಲ್ಲಿರೋದು ಒಂದೇ ಫೋನು, ಅದು ಮೇಡಂ ಮೇಜಿನ ಮೇಲಿದೆ. ಅದರಲ್ಲಿ ಆಡಿದ ಮಾತನ್ನ ಇಡೀ ಆಫೀಸು ನಮಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತೆ.

ಇತಿ ಪಾದಧೂಳಿ (ಇಲ್ಲಿ ಬೇರೆ ಧೂಳಿಯೂ ಧಾರಾಳವಾಗಿದೆ),
ನಿಮ್ಮ ತರಲೆ


ಫೆಬ್ರವರಿ ೧೧

ತರಲೆಗೆ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಕೆಲಸ ಸಿಕ್ಕಿದ್ದು ಸಂತೋಷ. ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊ.

ಸ್ಥಳಪುರಾಣ ಸರಿಯಾಗಿದೆ. ಪ್ರಶ್ನೆ ಸರಿಯಾಗಿಲ್ಲ. ನಾನೂರು ಪೆಟ್ಟಿಗೆಗಳಿದ್ದಾವೆ ಅನ್ನುತ್ತೀಯೆ. ಅದನ್ನೊಂದನ್ನೇ ಏಕೆ ಕೇಳಿದೆ? ಕೇಳಲು ಯಾರು ಹೇಳಿಕೊಟ್ಟರು? ಮೇಡಂ ಅವರೋ, ಮೇಸ್ತ್ರಿಯೋ?

ನನ್ನ ಮೀಸೆ ನಿಗದಿತ ಅಗಲ ಮೀರಿದೆ, ಏಳು ದಿನದಲ್ಲಿ ಹಾಜರಾಗಿ ಅಳೆಸಿಕೊಳ್ಳಬೇಕು ಎಂದು ನಗರಸಭೆಯ ಹೆಸರಿನಲ್ಲಿ ನೋಟಿಸು ಕಳಿಸಿದವಳು ನೀನು. ನಾನು ಹೋಗಿ ಸಾಲಿನಲ್ಲಿ ನಿಂತಿದ್ದೆ. ಆದ್ದರಿಂದ ಇದು ಇನ್ನೊಂದು ಚೇಷ್ಟೆ ಎಂದುಕೊಂಡು ಬಿಡಬೇಕೆಂದಿದ್ದೆ. ಆದರೆ ಚೇಷ್ಟೆಗೆ ಪೆಟ್ಟಿಗೆಯ ನಂಬರು ಇಷ್ಟು ಸರಿಯಾಗಿ ಬೇಕಿಲ್ಲ.

ಆ ಪೆಟ್ಟಿಗೆಯಲ್ಲಿ ಏನಿತ್ತು ಎಂಬುದು ಪುಟದಲ್ಲಿದೆ. ಪುಟವನ್ನು ನಕಲು ಮಾಡು. ಪೆಟ್ಟಿಗೆಯನ್ನು ಅದರ ಪಾಡಿಗೆ ಬಿಡು.

ನಿನ್ನ ಅತ್ತೆ ಚೆನ್ನಾಗಿದ್ದಾಳೆ. ನಿನ್ನ ಪತ್ರ ಎಲ್ಲಿಟ್ಟಿರಿ ಎಂದು ಕೇಳುತ್ತಿದ್ದಾಳೆ. ಇನ್ನು ಮುಂದೆ ನನ್ನ ಹೆಸರಿಗೆ, ಅಂಟಿಸಿ ಕಳಿಸು.

ಇಂತು,
ನಿನ್ನ ಮಾವ


ಫೆಬ್ರವರಿ ೧೭

ವಿಚಾರಣಾ ಆಯೋಗದ (ಸದಸ್ಯರ ಸಂಖ್ಯೆ: ಒಂದು) ಮುಂದೆ ಮಾವನವರು ಹಾಜರಾಗತಕ್ಕದ್ದು.

ಆಯೋಗಕ್ಕೆ ಕಂಡುಬಂದ ಅಂಶ. ಹದಿನೇಳನೇ ಪೆಟ್ಟಿಗೆಯಲ್ಲಿ ಅದಿರಿದೆ. ಎರಡು ಗೇಣುದ್ದದ ತುಂಡು, ಬೆಣಚುಕಲ್ಲಿನ ಮಧ್ಯೆ ಹಿತ್ತಾಳೆ ಬಣ್ಣ, ಬಿರುಕಲ್ಲಿ ನವಿಲುಗರಿ ಮಿಂಚು. ಚಾಕುವಿನಲ್ಲಿ ಗೀರಿದೆ. ಗೀರು ಬಿತ್ತು, ಹಸಿರುಗಪ್ಪು ಪುಡಿ ಬಂತು. ಹೊಳೆಯೋದೆಲ್ಲ ತಾಮ್ರ ಅಲ್ಲ, ಗಂಧಕದ ಕಬ್ಬಿಣವಾದರೆ ಚಾಕು ಜಾರುತ್ತೆ ಅಂತ ನೀವೇ ನನಗೆ ಎಂಟನೇ ವಯಸ್ಸಲ್ಲಿ ಹೇಳಿಕೊಟ್ಟಿದ್ದು, ನೆನಪಿದೆಯಾ? ಅತ್ತೆಯ ತರಕಾರಿ ಚಾಕು ಹಾಳಾಯಿತು, ಬೈಗುಳ ಇಬ್ಬರಿಗೂ ಬಿತ್ತು.

ಇಷ್ಟು ಅದಿರಿರೋ ಜಾಗಕ್ಕೆ "ಬಂಜರು" ಅಂತ ಯಾರು ಬರೀತಾರೆ?

ಇನ್ನೊಂದಿದೆ. ನಿಮ್ಮ ಅಕ್ಷರ ನನಗೆ ಗೊತ್ತು, ಇರುವೆ ಸಾಲಿನ ಹಾಗೆ. ಒಂಬತ್ತನೇ ಬೋರಿನ ಹನ್ನೊಂದನೇ ಪೆಟ್ಟಿಗೆವರೆಗೂ ಇರುವೆಗಳು ಶಿಸ್ತಾಗಿ ಹೋಗುತ್ತವೆ. ಹನ್ನೆರಡರಿಂದ ಅಕ್ಷರ ದಪ್ಪ, ಸಾಲು ಓರೆ, ಒಂದರ ಮೇಲೊಂದು ಹತ್ತಿವೆ. ಬೇರೆಯವರು ಬರೆದರಾ? ಅಥವಾ ಪಕ್ಕದಲ್ಲಿ ಯಾರೋ ನಿಂತು ಬರೆಸಿದರಾ?

ಮೇಸ್ತ್ರಿಯನ್ನ ಕೇಳಿದೆ. "ತಾತ, ನಮ್ಮ ಮಾವ ಈ ಕೊನೇ ಪೆಟ್ಟಿಗೆ ನೋಡಿದಾಗ ನೀವಿದ್ರಾ?" ಅಂದೆ.

"ಇದ್ದೆ."

"ಏನಂದ್ರು?"

"ನಿಮ್ಮ ಮಾವನ್ನೇ ಕೇಳಮ್ಮ." ಅಷ್ಟು ಹೇಳಿ, ಬಾಯಿಗೆ ಟವಲ್ ಅಡ್ಡ ಹಿಡಿದು ನಕ್ಕರು. ಅಳೋ ವಿಷಯಕ್ಕೆ ನಗೋರನ್ನ ನಾನು ನಂಬಲ್ಲ. ಅವತ್ತಿಂದ ನಾನು ಆ ಪೆಟ್ಟಿಗೆ ಹತ್ತಿರ ಹೋದಾಗಲೆಲ್ಲ ಅವರಿಗೆ ಬಾಗಿಲ ಹತ್ತಿರ ಏನೋ ಗುಡಿಸೋ ಕೆಲಸ ಬರುತ್ತೆ.

ನೂರ ಎಂಬತ್ತು ಜನ ಆ ಒಂದು ಪದದ ಮೇಲೆ ಊರು ಬಿಟ್ಟರು ಅಂತ ಇಲ್ಲಿನ ಕ್ಯಾಂಟೀನಿನವನು ಹೇಳಿದ. ಮಾವ, ಯಾರು ಬರೆಸಿದರು?

ಆಯೋಗದ ಮುದ್ರೆ ಇನ್ನೂ ತಯಾರಾಗಿಲ್ಲ, ಕೆತ್ತೋಕೆ ಆಲೂಗಡ್ಡೆ ಸಿಕ್ಕಿಲ್ಲ.
ತರಲೆ


ಫೆಬ್ರವರಿ ೨೩

ನೀನು ಹಾಸ್ಯ ಮಾಡುತ್ತಿದ್ದೀಯೋ, ಗಂಭೀರವಾಗಿ ಕೇಳುತ್ತಿದ್ದೀಯೋ ನನಗೆ ತಿಳಿಯುತ್ತಿಲ್ಲ. ಎರಡಕ್ಕೂ ಒಂದೇ ಉತ್ತರ.

ಆ ಪೆಟ್ಟಿಗೆಯಲ್ಲಿ ಅದಿರಿರಲಿಲ್ಲ. ಈಗ ಇದೆ ಎಂದರೆ ಆಮೇಲೆ ಯಾರೋ ಇಟ್ಟಿದ್ದಾರೆ. ಗಣಿಗಳಲ್ಲಿ ಇದು ಹೊಸದಲ್ಲ. ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ನೀನೇ ಬರೆದಿದ್ದೀಯೆ. ಗಣಿ ಮುಚ್ಚಿದ ದಿನ ಮೇಸ್ತ್ರಿ ಡ್ರಿಲ್ಲಿನ ಪಕ್ಕ ಕುಳಿತು ಬಹಳ ಹೊತ್ತು ಎದ್ದಿರಲಿಲ್ಲ. ಅದು ಮತ್ತೆ ತೆರೆಯಬೇಕೆಂಬ ಆಸೆ ಯಾರಿಗಿದೆ, ಯೋಚಿಸು.

ಅಕ್ಷರದ ಬಗ್ಗೆ: ಆ ವಾರ ಕೈ ನೋವಿತ್ತು.

ಮೇಡಂ ಅವರಿಗೆ ಈ ಪತ್ರಗಳನ್ನು ತೋರಿಸಿಲ್ಲ ತಾನೆ?

ಮಾವ

(ಕೆಳಗೆ ಬೇರೆ ಶಾಯಿಯಲ್ಲಿ)
ನಾನು ನಿನ್ನ ಅತ್ತೆ ಕಣೇ. ಅಂಟಿಸೋಕೆ ಕೊಟ್ಟರು, ಅದಕ್ಕೇ ಬರೀತಿದ್ದೀನಿ. ಏನು ಕೇಳಿದ್ದೀಯ ಇವರನ್ನ? ತಟ್ಟೆ ಮುಂದೆ ಕೂತು ಎದ್ದು ಹೋಗ್ತಾರೆ. ಕೇಳಿದ್ರೆ "ಕೈ ನೋವು" ಅಂತಾರೆ. ಕೈ ನೋವಾದ್ರೆ ತಿನ್ನಿಸ್ತೀನಿ ಬನ್ನಿ ಅಂದ್ರೆ ಅದಕ್ಕೂ ಇಲ್ಲ.


ಮಾರ್ಚ್ ೧

ಮಾವ,

ಇವತ್ತು ಬಿರುದುಗಳಿಲ್ಲ. ಬರೆಯೋಕೆ ಕೂತೆ, ಬರಲಿಲ್ಲ.

ನಿಮ್ಮ ಪತ್ರ ಓದಿ ಎರಡು ದಿನ ಮೇಸ್ತ್ರಿಯನ್ನ ಕಳ್ಳನ ಹಾಗೆ ನೋಡಿದೆ. ಊಟದ ಡಬ್ಬಿ ತೆರೆದಾಗಲೂ ಒಳಗೆ ಕಲ್ಲಿದೆಯಾ ಅಂತ ಬಗ್ಗಿ ನೋಡಿದೆ. ಅವರಿಗೆ ಗೊತ್ತಾಯಿತು. "ಏನಮ್ಮ, ಹಸಿವಾ?" ಅಂತ ಅರ್ಧ ನನಗೇ ಕೊಟ್ಟರು. ಬಾಯಲ್ಲಿ ತುತ್ತು ಇಟ್ಟುಕೊಂಡು ಅನುಮಾನ ಪಡೋದು ಬಹಳ ಕಷ್ಟ, ನೇರವಾಗಿ ಕೇಳಿಬಿಟ್ಟೆ.

"ತಾತ, ಆ ಪೆಟ್ಟಿಗೆಗೆ ನೀವು ಏನಾದ್ರೂ ಹಾಕಿದ್ರಾ?"

"ನಾನ್ಯಾಕೆ ಹಾಕ್ಲಿ?"

"ಹಾಗಾದ್ರೆ ಮಾವ ಯಾಕೆ ಬಂಜರು ಅಂತ ಬರೆದ್ರು?"

ಅವರು ಡಬ್ಬಿ ಮುಚ್ಚಿದರು. "ಬರೆದ್ರು. ಆದ್ರೆ ನೋಡಿ ಬರೀಲಿಲ್ಲ. ಕೊನೇ ಆರು ಪೆಟ್ಟಿಗೆ ಅವರು ನೋಡ್ಲೇ ಇಲ್ಲ. ಇನ್ನು ನನ್ನ ಕೇಳ್ಬೇಡ."

ನೋಡದೆ ಹೇಗೆ ಬರೆದಿರಿ? ಏನು ಸಿಗುತ್ತೆ ಅಂತ ಬರೆದಿರಿ? ಚಿಕ್ಕವಳಿದ್ದಾಗ ಒಂದು ಕಲ್ಲು ಕೊಟ್ಟು, ಬಾಯಿ ಮುಚ್ಚಿಕೊಂಡು ಕಾಲು ಗಂಟೆ ನೋಡು, ಆಮೇಲೆ ಮಾತಾಡು ಅಂತಿದ್ದವರು ನೀವು. ಪ್ರಪಂಚದಲ್ಲಿ ಯಾರ ಮೇಲೆ ಅನುಮಾನ ಬಂದರೂ ನಿಮ್ಮ ಮೇಲೆ ಬರಬಾರದಿತ್ತು.

ಹನ್ನೆರಡನೇ ತಾರೀಕು ನನ್ನ ಪಟ್ಟಿ ಮೇಡಂಗೆ ಕೊಡಬೇಕು. ಹದಿನೇಳನೇ ಪೆಟ್ಟಿಗೆಯ ಎದುರು ನಿಮ್ಮ ಪದ ಬರೆಯಲೋ, ನಾನು ಕಂಡದ್ದು ಬರೆಯಲೋ? ನಿಮ್ಮ ಪದ ಬರೆದರೆ ಕಾಂಕ್ರೀಟು. ನಾನು ಕಂಡದ್ದು ಬರೆದರೆ ನಿಮ್ಮ ಹೆಸರಿಗೆ ಮಸಿ. ಕೈ ನೋವಿನ ಕಥೆ ಬೇಡ.

ನಿಮ್ಮ ಸೊಸೆ


ಮಾರ್ಚ್ ೬

ಮಗೂ,

ಕೈ ನೋವಿರಲಿಲ್ಲ. ಕಣ್ಣು ಬೇನೆ ಬಂದಿತ್ತು.

ಆಗ ನನಗೆ ಇಪ್ಪತ್ತಾರು. ಕೆಲಸಕ್ಕೆ ಸೇರಿ ಐದು ತಿಂಗಳು. ಬೆಳಗ್ಗೆ ಎದ್ದರೆ ರೆಪ್ಪೆ ಅಂಟಿಕೊಂಡಿರುತ್ತಿತ್ತು, ಬಿಸಿನೀರಿನ ಹತ್ತಿ ಇಟ್ಟು ಬಿಡಿಸಬೇಕು. ಬಿಡಿಸಿದರೂ ಎದುರಿಗಿದ್ದದ್ದು ಕಲ್ಲೋ ಕೋಸೋ ಎಂದು ಹೇಳಲಾಗುತ್ತಿರಲಿಲ್ಲ. ರಜೆ ಕೇಳಿದರೆ ಬೇರೆಯವನನ್ನು ಕರೆಸುತ್ತಾರೆ ಎಂಬ ಭಯ. ಕಪ್ಪು ಕನ್ನಡಕ ಹಾಕಿಕೊಂಡು ಹೋದೆ. ಸಾಹೇಬರ ಶೋಕಿ ನೋಡಿ ಎಂದು ಆಫೀಸಿನವರು ನಕ್ಕರು. ನಾನೂ ಸೆಟೆದುಕೊಂಡೇ ನಡೆದೆ. ವಾರದೊಳಗೆ ಅವರೆಲ್ಲರಿಗೂ ಅದೇ ಬೇನೆ ಹತ್ತಿತು. ಅದಕ್ಕೇ ಮೇಸ್ತ್ರಿ ನಕ್ಕಿರಬೇಕು.

ಒಂಬತ್ತನೇ ಬೋರಿನ ಪುಟಗಳು ಅಂದೇ ಸಂಜೆಯೊಳಗೆ ಬೇಕೆಂದು ಮೇಲಿನವರ ಆಜ್ಞೆ. ಹನ್ನೆರಡನೇ ಪೆಟ್ಟಿಗೆಯಿಂದ ಮುಂದೆ ಮೇಸ್ತ್ರಿ ಒಂದೊಂದು ತುಂಡು ಎತ್ತಿ, ಒದ್ದೆ ಮಾಡಿ, ಹೀಗಿದೆ ಹಾಗಿದೆ ಎಂದು ಹೇಳುತ್ತಾ ಹೋದ. ನಾನು ಬರೆದೆ. ಕೊನೆಯ ಪೆಟ್ಟಿಗೆಗೆ "ಏನೂ ಇಲ್ಲ ಸಾಹೇಬ್ರೆ" ಎಂದ. ಬಂಜರು ಎಂದು ಬರೆದು ನನ್ನ ರುಜು ಹಾಕಿದೆ.

ಇಷ್ಟೇ ಆಗಿದ್ದರೆ ಹೇಳಿಕೊಳ್ಳಬಹುದಿತ್ತು. ಹತ್ತು ದಿನದಲ್ಲಿ ಕಣ್ಣು ಸರಿಹೋಯಿತು. ಪೆಟ್ಟಿಗೆ ಅಲ್ಲೇ ಇತ್ತು, ನನ್ನ ಮೇಜಿನಿಂದ ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ಗಣಿ ಮುಚ್ಚುವ ನೋಟಿಸು ಗೋಡೆಗೆ ಬಂದಿತ್ತು. ಹೋಗಿ ನೋಡಿದಾಗ ಅದಿರು ಕಂಡರೆ ಏನು ಮಾಡಲಿ ಎಂದು ಹೆದರಿ ನಾನು ಹೋಗಲೇ ಇಲ್ಲ. ನೂರ ಎಂಬತ್ತು ಜನರ ಸಾಮಾನು ಲಾರಿಗೆ ಏರಿತು. ಆಗಲೂ ಹೋಗಲಿಲ್ಲ. ನಿನಗೆ ಕಾಲು ಗಂಟೆ ನೋಡು ಎಂದು ಹೇಳಿಕೊಡುವಾಗ ಪ್ರತಿ ಸಲವೂ ಆ ಇಪ್ಪತ್ತು ಹೆಜ್ಜೆ ನೆನಪಾಗುತ್ತಿತ್ತು.

ನಿನ್ನ ಮೊದಲ ಪತ್ರ ನೋಡಿದಾಗಲೇ ಸಿಕ್ಕಿಬಿದ್ದೆ ಎಂದು ತಿಳಿಯಿತು. ನೀನು ಗೊತ್ತಿದ್ದೇ ಕೇಳುತ್ತಿದ್ದೀಯೆ, ನಾನಾಗಿಯೇ ಹೇಳಲಿ ಎಂದು ದಾರಿ ಬಿಡುತ್ತಿದ್ದೀಯೆ ಅನ್ನಿಸಿತು. ಅಷ್ಟಾದರೂ ಮೇಸ್ತ್ರಿಯ ಮೇಲೆ ಹೊರಿಸಲು ನೋಡಿದೆ. ಅದು ಎಲ್ಲಕ್ಕಿಂತ ಕೀಳು. ಈ ಪತ್ರವನ್ನು ಅವನಿಗೆ ಓದಿ ಹೇಳು.

ನೀನು ಕಂಡದ್ದನ್ನೇ ಬರೆ. ಒಂಬತ್ತನೇ ಬೋರಿನ ಕೊನೆಯ ಆರು ಪೆಟ್ಟಿಗೆಗಳ ಪುಟ ನಂಬಲರ್ಹವಲ್ಲ, ನಾನು ಅವನ್ನು ನೋಡಿಲ್ಲ ಎಂದು ರುಜು ಹಾಕಿ ಮೇಡಂ ಅವರಿಗೂ ಇಂದೇ ಬರೆದಿದ್ದೇನೆ. ನಿನ್ನ ಅತ್ತೆಗೂ ಹೇಳಿದೆ. "ಮೂವತ್ತನಾಲ್ಕು ವರ್ಷದಿಂದ ಇದನ್ನಾ ಇಟ್ಕೊಂಡಿದ್ರಿ, ನಾನು ಇನ್ನೇನೋ ಅಂದ್ಕೊಂಡಿದ್ದೆ" ಎಂದಳು. ಇನ್ನೇನು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಕೇಳಿದ್ದು ಒಳ್ಳೆಯದಾಯಿತು.

ನಿನ್ನ ಮಾವ


ಮಾರ್ಚ್ ೧೨

ಮಾವ,

ನಿಮ್ಮ ಪತ್ರ ಬಂತು. ಮೇಡಂಗೂ ಬಂತು. ಮೂರು ಸಲ ಓದಿದರು. ಒಂಬತ್ತನೇ ಬೋರಿನ ಪಕ್ಕದಲ್ಲೇ ಹೊಸದಾಗಿ ಕೊರೆಸುತ್ತಾರಂತೆ. ಲಾರಿ ನಾಳೆ ಬರುತ್ತೆ.

ಕೆಲಸ ಜಾಸ್ತಿ ಇದೆ. ಆಮೇಲೆ ಬರೀತೀನಿ.

ತರಲೆ


ಮಾರ್ಚ್ ೨೦

ಮಗೂ,

ಎಂಟು ದಿನವಾಯಿತು. ನಿನ್ನ ಜೀವನದಲ್ಲಿ ನೀನು ಬರೆದ ಅತ್ಯಂತ ಚಿಕ್ಕ ಪತ್ರ ನನ್ನ ಜೇಬಿನಲ್ಲಿದೆ. ಅದರಲ್ಲಿ ಒಂದು ಗೇಲಿಯೂ ಇಲ್ಲ. ನನ್ನ ಮುಖ ನೋಡಲು ನಿನಗೆ ಬೇಸರವಾಗಿರಬೇಕು. ಆಗಲಿ, ತಪ್ಪೇನಿಲ್ಲ.

ಡ್ರಿಲ್ಲು ಎಷ್ಟು ಮೀಟರಿಗೆ ಬಂತೆಂದು ಮಾತ್ರ ತಿಳಿಸು. ಅಷ್ಟು ಸಾಕು.

ಮಾವ


ಮಾರ್ಚ್ ೨೮

ಮಾವನವರಿಗೆ,

ಡ್ರಿಲ್ಲು ನೂರ ಹತ್ತು ಮೀಟರಿಗೆ ಹೋಗಿ ನಿಂತಿತು. ಎಂಬತ್ತಾರರಿಂದ ತೊಂಬತ್ತೊಂದರವರೆಗೆ ಕಪ್ಪು ಪದರಗಲ್ಲು. ಕಾಲು ಗಂಟೆ ಅಲ್ಲ, ಒಂದು ಗಂಟೆ ನೋಡಿದೆ. ಮೇಡಂ ನೋಡಿದರು, ಮೇಸ್ತ್ರಿ ನೋಡಿದರು. ಏನೂ ಇಲ್ಲ. ಕಳೆದುಹೋದ ಅರ್ಧ ಅಲ್ಲಿಗೆ ಜಾರಿಯೇ ಇಲ್ಲ. ಕಣ್ಣು ಮುಚ್ಚಿಕೊಂಡು ನೀವು ಬರೆದ ಪದ ಸರಿಯಾಗೇ ಇತ್ತು. ಯಾರ ಲಾರಿಯೂ ನಿಮ್ಮಿಂದಾಗಿ ಹೊರಡಲಿಲ್ಲ. ಇದನ್ನ ಎರಡು ಸಲ ಓದಿಕೊಳ್ಳಿ, ಅತ್ತೆಗೂ ಓದಿ ಹೇಳಿ. ಕಾಂಕ್ರೀಟು ಮೂವತ್ತೊಂದಕ್ಕೇ.

ನಿಮ್ಮ ಪತ್ರ ಮೇಸ್ತ್ರಿಗೆ ಓದಿದೆ. ಕಪ್ಪು ಕನ್ನಡಕದ ಜಾಗ ಬಂದಾಗ ಮತ್ತೆ ಟವಲ್ ಅಡ್ಡ ಹಿಡಿದರು. ಕೊನೆಗೆ, "ಇಪ್ಪತ್ತು ವರ್ಷ ಕಲ್ಲು ಕೊರೆದವನ ಮಾತು ನಂಬಿ ಬರೆದ್ರು. ಅದಕ್ಕೆ ಇಷ್ಟು ದಿನ ಸಂಕಟಪಟ್ರಾ? ನಾನೇನು ಅಷ್ಟು ದಡ್ಡನಾ?" ಅಂದರು. ಸ್ವಲ್ಪ ಬೇಜಾರೂ ಆದ ಹಾಗಿತ್ತು.

ಇಲ್ಲಿಗೇ ಮುಗಿದಿದ್ದರೆ ನಾನು ಹಾಡಿಕೊಂಡು ಬರೆಯುತ್ತಿದ್ದೆ. ಮುಗಿಯಲಿಲ್ಲ. ನೆಲದಲ್ಲಿ ಇಲ್ಲದ ಅದಿರು ಪೆಟ್ಟಿಗೆಗೆ ಹೇಗೆ ಬಂತು ಅಂತ ಮೇಡಂ ಕೇಳಿದರು. ಆ ಎರಡು ಗೇಣಿನ ತುಂಡನ್ನ ಮಸೂರದ ಕೆಳಗಿಟ್ಟರು. ಅಂಚಿನ ಪದರಗಲ್ಲಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಕಣಗಳಿದ್ದವು. ಒಂಬತ್ತನೇ ಬೋರಿನಲ್ಲಿ ಎಲ್ಲೂ ಅಂಥ ಕಣವಿಲ್ಲ. ನಾಲ್ಕನೇ ಬೋರಿನಲ್ಲಿ ತುಂಬ ಇವೆ. ಅಂದರೆ ನಾಲ್ಕನೇ ಬೋರಿನ ಅದಿರನ್ನ ಯಾರೋ ತಂದು ಇಲ್ಲಿಟ್ಟಿದ್ದಾರೆ. ಬೀಗದ ಕೈ ಇರೋದು ಒಬ್ಬರ ಹತ್ತಿರ. ಸರಿಯಾದ ಸಮಯಕ್ಕೆ ನಗರದಿಂದ ಒಂದು ತಪ್ಪೊಪ್ಪಿಗೆ ಪತ್ರ ಬರುತ್ತೆ. ನೀವೂ ಮೇಸ್ತ್ರಿಯೂ ಸೇರಿ ಗಣಿ ತೆರೆಸೋಕೆ ಹೂಡಿದ ಆಟ ಇದು ಅಂತ ಮೇಡಂ ತೀರ್ಮಾನ. ನಿನ್ನೆ ಮೇಸ್ತ್ರಿಯಿಂದ ಬೀಗದ ಕೈ ಬಿಚ್ಚಿಸಿಕೊಂಡರು. ಸೋಮವಾರ ಮೇಲಿನವರಿಗೆ ವರದಿ ಹೋಗುತ್ತೆ, ಎರಡು ಹೆಸರಿನ ಮೇಲೆ. ಮೇಸ್ತ್ರಿ ಇವತ್ತೂ ಬಂದು ಶೆಡ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ, ಸೊಂಟ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ.

ಈ ಪತ್ರ ಅಂಟಿಸಿ ನೇರವಾಗಿ ಮೇಡಂ ಕೋಣೆಗೆ ಹೋಗ್ತೀನಿ. ಅಲ್ಲಿ ಹೇಳಬೇಕಾದ್ದನ್ನ ಮೊದಲು ನಿಮ್ಮ ಮೇಲೆ ಅಭ್ಯಾಸ ಮಾಡ್ತೀನಿ, ಸುಮ್ಮನೆ ಕೇಳಿ.

ನಾನು ಕೆಲಸಕ್ಕೆ ಸೇರಿದ ಎರಡನೇ ದಿನ, ಫೆಬ್ರವರಿ ಮೂರು, ಮಧ್ಯಾಹ್ನ. ಮೇಸ್ತ್ರಿ ಊಟಕ್ಕೆ ಹೋಗಿದ್ದರು. ತಳ್ಳುಗಾಡಿಯಲ್ಲಿ ಒಂದು ಸಲಕ್ಕೆ ಒಂದೇ ಪೆಟ್ಟಿಗೆ ಅನ್ನೋದು ನಿಯಮ. ನಾನು ಬೇಗ ಮುಗಿಸೋಣ ಅಂತ ನಾಲ್ಕನೇ ಬೋರಿನದೊಂದರ ಮೇಲೆ ಒಂಬತ್ತನೇ ಬೋರಿನ ಹದಿನೇಳನೇದನ್ನ ಹೇರಿಕೊಂಡೆ. ಗಾಲಿ ಹೊಸ್ತಿಲಿಗೆ ಸಿಕ್ಕಿತು. ಎರಡೂ ಮಗುಚಿ, ಹತ್ತು ಮೀಟರ್ ಭೂಮಿ ಸಿಮೆಂಟ್ ನೆಲದ ಮೇಲೆ ಉರುಳಾಡಿತು. ಯಾರಿಗೂ ಹೇಳದೆ ಒಂದು ಗಂಟೆಯಲ್ಲಿ ಅಂದಾಜಿನ ಮೇಲೆ ತುಂಬಿಸಿ ಇಟ್ಟೆ. ಮಾರನೇ ದಿನ ನಿಮಗೆ ಬರೆದೆ, ಯಾವುದರ ಪಕ್ಕ ಯಾವುದಿತ್ತು ಅಂತ. ಸರಿಯಾಗಿ ಜೋಡಿಸೋಕೆ ಬೇಕಿತ್ತು, ಅಷ್ಟೇ. ನೀವು ಉತ್ತರ ತಪ್ಪಿಸಿದಿರಿ. ಆಗ, ನನ್ನ ಜೋಡಣೆ ಸರಿಯಾಗೇ ಇದೆ, ಮೋಸ ಮಾವನದೇ ಅಂತ ನಂಬೋಕೆ ಶುರು ಮಾಡಿದೆ. ನಂಬಿದ ಮೇಲೆ ಎಷ್ಟು ಹಗುರಾಯಿತು ಅಂದರೆ, ನಾನು ಬೀಳಿಸಿದ್ದೇ ಮರೆತುಹೋಗಿತ್ತು. ನಿಮ್ಮ ಇಪ್ಪತ್ತು ಹೆಜ್ಜೆ ಓದಿದಾಗ ನೆನಪಾಯಿತು, ಅದಕ್ಕೇ ಆ ಚಿಕ್ಕ ಪತ್ರ.

ಮೊದಲ ಪತ್ರ ಬರೆದಾಗ ನಿಮ್ಮ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ, ಮಾವ.